ಆತಕೂರಿನ ಸುರಿಗೆಯನ್ನು ಕತ್ತಿ ಮಾಡಬೇಡಿ

ಆತಕೂರು ಶಾಸನದ ಸಾರಾಂಶ ಬರೆಯುವ ಹಲವರು ತಕ್ಕೋಲದ ಯುದ್ಧದ ಭಾಗಕ್ಕೆ ಬಂದಾಗ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ: ಗಂಗ ಬೂತುಗ ಚೋಳ ರಾಜಾದಿತ್ಯನನ್ನು ಕತ್ತಿಯಿಂದ ಕೊಂದ. ಶಾಸನದ ಆ ಸಾಲಿನಲ್ಲಿ ಕತ್ತಿ ಇಲ್ಲ, ಇರುವುದು ಸುರಿಗೆ. ಇದೇನು ಮಹಾ ವ್ಯತ್ಯಾಸ ಅಂತ ಕೇಳಬಹುದು. ನನ್ನ ಪ್ರಕಾರ ಆ ಸಾಲಿನ ಅರ್ಥ ನಿಂತಿರುವುದೇ ಆ ಪದದ ಮೇಲೆ.

ಸುರಿಗೆ ಎಂಬುದು ಸಂಸ್ಕೃತದ ಛುರಿಕೆಯ ತದ್ಭವ, ಇವತ್ತಿನ ಚೂರಿಯ ದಾಯಾದಿ. ಸೊಂಟಕ್ಕೆ ಸಿಕ್ಕಿಸಿಕೊಂಡು, ಮೈಗೆ ಮೈ ತಾಗುವಷ್ಟು ಹತ್ತಿರ ಬಂದಾಗ ತಿವಿಯುವ ಆಯುಧ. ಬಾಳ್ ಹಾಗಲ್ಲ. ಅದು ಉದ್ದನೆಯದು, ಬೀಸಬೇಕಾದರೆ ತೋಳಿಗೆ ಜಾಗ ಬೇಕು. ಇನ್ನು ಕತ್ತಿ ಅನ್ನೋ ಪದ ಎಲ್ಲದಕ್ಕೂ ನಡೆಯುತ್ತೆ. ಮಲೆನಾಡಿನ ಅಡುಗೆಮನೆಯ ಮೆಟ್ಟುಗತ್ತಿಯೂ ಕತ್ತಿಯೇ.

ಶಾಸನ ಬರೆದವನಿಗೆ ಈ ಭೇದ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಇದೇ ಶಾಸನದಲ್ಲಿ ಬೂತುಗ ತನ್ನ ಆಳು ಮಣಲೆರನಿಗೆ ಊರುಗಳನ್ನು ಕೊಡುವುದು 'ಬಾಳ್ಗಚ್ಚು' ಆಗಿ, ಅಂದ್ರೆ ಬಾಳನ್ನು ತೊಳೆದು ಕೊಡುವ ವೀರದತ್ತಿಯಾಗಿ. ಎರಡೂ ಪದ ಕೈಯಲ್ಲಿದ್ದವನು ರಾಜಾದಿತ್ಯನ ಸಾವಿಗೆ ಸುರಿಗೆಯನ್ನೇ ಆರಿಸಿಕೊಂಡಿದ್ದಾನೆ.

ಯಾಕೆ ಅನ್ನುವುದಕ್ಕೆ ಪಕ್ಕದ ಪದಗಳನ್ನು ನೋಡಿ. 'ಬಿಸುಗೆ' ಅಂದರೆ ಆನೆಯ ಮೇಲಿನ ಅಂಬಾರಿ, 'ಕಳ' ಅಂದರೆ ರಣರಂಗ. ಅಂಬಾರಿಯೇ ರಣರಂಗವಾಯಿತು ಎನ್ನುತ್ತಿದೆ ಶಾಸನ. ಅಷ್ಟು ಇಕ್ಕಟ್ಟಿನಲ್ಲಿ, ಅಲುಗಾಡುವ ಆನೆಯ ಮೇಲೆ, ಉದ್ದನೆಯ ಬಾಳನ್ನು ಬೀಸುವುದೆಲ್ಲಿ? ಈಟಿಯಂತೂ ಅಷ್ಟು ಹತ್ತಿರಕ್ಕೆ ಬಂದ ಮೇಲೆ ಬರೀ ಕೋಲು. ಜಾಗಕ್ಕೆ ತಕ್ಕ ಆಯುಧ ಸುರಿಗೆ. ಅದನ್ನು ಕತ್ತಿ ಎಂದ ತಕ್ಷಣ ಅಂಬಾರಿಯೂ ಮಾಯವಾಗಿ, ಬಯಲಿನಲ್ಲಿ ಇಬ್ಬರು ಎದುರುಬದುರು ನಿಂತು ಕಾದಿದ ಚಿತ್ರ ಓದುಗನ ತಲೆಯಲ್ಲಿ ಕೂರುತ್ತದೆ.

ಫ್ಲೀಟ್ ಅವರಂಥ ವಿದ್ವಾಂಸರೂ ಮೊದಲು ಈ ಸಾಲಿನಲ್ಲಿ ಮೋಸದ ಕೊಲೆಯನ್ನು ಕಂಡು, ಆಮೇಲೆ ತಿದ್ದಿಕೊಂಡರು. ಚಿಕ್ಕ ಆಯುಧ ಅಂದ ಕೂಡಲೇ ನಮಗೆ ಬೆನ್ನಿಗೆ ಇರಿದದ್ದೇ ನೆನಪಾಗುವುದು ಸಹಜ. ಆದರೆ ವಂಚನೆ ಆಗಿದ್ದಿದ್ದರೆ ಅದನ್ನು ಬೂತುಗನ ಕಡೆಯವರೇ ಕಲ್ಲಿನಲ್ಲಿ ಕೆತ್ತಿಸಿ ಮೆರೆಯುತ್ತಿದ್ದರೇ?

ಒಂದು ಎಚ್ಚರಿಕೆ. 'ಇರಿ' ಎಂಬ ಕ್ರಿಯಾಪದವೊಂದನ್ನೇ ಹಿಡಿದುಕೊಂಡು ಚೂರಿ ಅಂತ ತೀರ್ಮಾನಿಸಬಾರದು. ವೀರಗಲ್ಲುಗಳಲ್ಲಿ ಇರಿದು ಸತ್ತ ಅಂದರೆ ಬಹಳ ಸಲ ಕಾದಿ ಸತ್ತ ಅಂತಷ್ಟೇ. ಇದೇ ಶಾಸನದಲ್ಲಿ ಮಣಲೆರನೂ ಇರಿಯುತ್ತಾನೆ, ಆದರೆ ಅವನ ಆಯುಧದ ಹೆಸರಿಲ್ಲ. ಇಲ್ಲಿ ಸಾಕ್ಷಿ ನಾಮಪದ, ಕ್ರಿಯಾಪದವಲ್ಲ.

ಚೋಳರ ಕಡೆಯ ಮಾತು ಬೇರೆ. ಲೈಡನ್ನಿನಲ್ಲಿದ್ದ ಆನೈಮಂಗಲಂ ತಾಮ್ರಪಟಗಳ ಪ್ರಕಾರ ಆನೆಯ ಮೇಲೆ ಕೂತಿದ್ದ ರಾಜಾದಿತ್ಯನ ಎದೆಗೆ ಶತ್ರುವಿನ ಬಾಣ ನಾಟಿತು. ಆನೆಯ ವಿಷಯದಲ್ಲಿ ಇಬ್ಬರಿಗೂ ತಕರಾರಿಲ್ಲ, ಆಯುಧದ ವಿಷಯದಲ್ಲಿ ಮಾತ್ರ ತಕರಾರು. ಬಾಣಕ್ಕೆ ದೂರ ಬೇಕು, ಸುರಿಗೆಗೆ ಶತ್ರು ಅಂಬಾರಿಯೊಳಕ್ಕೇ ನುಗ್ಗಿರಬೇಕು. ತಮ್ಮ ರಾಜಕುಮಾರನ ಅಂಬಾರಿಗೆ ವೈರಿ ಹತ್ತಿದ ಎಂದು ಯಾವ ಆಸ್ಥಾನಕವಿ ತಾನೇ ಬರೆದಾನು? ಆತಕೂರಿನದು ಶಕ 872ರ, ಅಂದರೆ ಕ್ರಿ.ಶ. 949-50ರ ಕಲ್ಲು, ಯುದ್ಧದ ಬೆನ್ನಿಗೇ ಬಂದದ್ದು. ಚೋಳ ಪಟಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಮೇಲಿನವು. ಆತಕೂರಿನದೂ ಗೆದ್ದವರ ಮಾತು, ನಿಜ. ಆದರೂ ನನ್ನ ಒಲವು ಸುರಿಗೆಯ ಕಡೆಗೇ. ಕತ್ತಿ ಎಂದು ಬರೆದರೆ ಈ ಚರ್ಚೆಗೆ ಜಾಗವೇ ಇರುವುದಿಲ್ಲ.

ಚಿತ್ರ ನೋಡಿ ತಿದ್ದಿಕೊಳ್ಳೋಣ ಅಂದರೆ ಅದಕ್ಕೂ ದಾರಿಯಿಲ್ಲ. ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮೇಲೆ ಬೂತುಗನೂ ಇಲ್ಲ, ರಾಜಾದಿತ್ಯನೂ ಇಲ್ಲ. ಇರುವುದು ಮಣಲೆರನ ನಾಯಿ ಕಾಳಿ ಮತ್ತು ಅದು ಕಾದಿದ ಹಂದಿ.