ಕಡಲು ಹೇಳಿದ ಹೊತ್ತಿಗೆ

ಇಂಗ್ಲೆಂಡಿನ ಯಾರ್ಕ್‌ಶೈರ್ ಕರಾವಳಿಗೆ ಮಕ್ಕಳನ್ನು ಕರೆದುಕೊಂಡು ರಜೆಗೆ ಹೊರಡುವ ಮನೆಗಳಲ್ಲಿ ಮೊದಲು ತಯಾರಾಗುವುದು ಒಂದು ಪಟ್ಟಿ. ಬೆಳಿಗ್ಗೆ ವಿಟ್ಬಿ, ಮಧ್ಯಾಹ್ನ ಕೋಟೆ, ಸಂಜೆ ಸ್ಕಾರ್ಬರೋದ ಆಟದ ಅಂಗಳ. ಲೀಡ್ಸ್ ಕಡೆ ನೆಲೆಸಿರುವ ನಮ್ಮ ಮನೆಯವರೂ ಹೀಗೆಯೇ ಹೊರಡುತ್ತಾರೆ. ಮೊಮ್ಮಕ್ಕಳ ಜೊತೆ ಅಲ್ಲೆಲ್ಲ ಅಲೆದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕರಾವಳಿಯಲ್ಲಿ ಮಕ್ಕಳಿಗೆ ದಕ್ಕುವ ಒಳ್ಳೆಯದೆಲ್ಲ ಕಡಲಿನ ವೇಳೆಗೆ ನಡೆಯುತ್ತದೆ. ನಮ್ಮ ವೇಳಾಪಟ್ಟಿಗೆ ಬಗ್ಗುವ ಆಟಗಳು ಬೇರೆ ಯಾವ ಊರಿನಲ್ಲಾದರೂ ಸಿಗುತ್ತವೆ.

ರಾಬಿನ್ ಹುಡ್ಸ್ ಬೇ ಎಂಬ ಊರನ್ನೇ ನೋಡಿ. ಕಡಿದಾದ ಓಣಿಯಲ್ಲಿ ಇಳಿಯುತ್ತ ಹೋದರೆ ದೋಣಿಗಳನ್ನು ನೀರಿಗಿಳಿಸುವ ಕಲ್ಲಿನ ಇಳಿಜಾರು, ಅದರಾಚೆ ಕಡಲು. ಭರತದ ಹೊತ್ತಿಗೆ ಬಂದವರಿಗೆ ಗೋಡೆಗೆ ಬಡಿಯುವ ನೀರಷ್ಟೇ ಕಾಣುತ್ತದೆ. ಐಸ್‌ಕ್ರೀಮ್ ತಿಂದು, ಫೋಟೋ ತೆಗೆದುಕೊಂಡು ಹೊರಟುಹೋಗುತ್ತಾರೆ. ಇಳಿತದ ಹೊತ್ತಿಗೆ ಬಂದವರ ಮುಂದೆ ಬೇರೊಂದು ಊರೇ ತೆರೆದುಕೊಂಡಿರುತ್ತದೆ: ದೂರದವರೆಗೆ ಸಾಲಾಗಿ ಬಾಗಿ ಹರಡಿದ ಬಂಡೆ, ಬಂಡೆಯ ನಡುನಡುವೆ ನೀರು ನಿಂತ ಗುಳಿಗಳು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಇಲ್ಲಿ ನೀರು 4 ಮೀಟರಿಗೂ ಹೆಚ್ಚು ಏರಿಳಿಯುತ್ತದೆ. ಮಲ್ಪೆ, ಕಾರವಾರಗಳಲ್ಲಿ ನಾವು ಕಾಣುವುದರ ಎರಡು ಪಟ್ಟಿಗೂ ಇದು ಮಿಗಿಲು. ಒಂದು ಇಳಿತಕ್ಕೂ ಮುಂದಿನದಕ್ಕೂ ನಡುವೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ನಾಳೆಯ ಇಳಿತ ಇವತ್ತಿಗಿಂತ ಮುಕ್ಕಾಲು ಗಂಟೆಗೂ ಮಿಕ್ಕಿ ತಡವಾಗಿ ಬರುತ್ತದೆ. ಇಷ್ಟನ್ನು ಮಗುವಿಗೆ ಹೇಳಿಕೊಟ್ಟು, ಉಬ್ಬರವಿಳಿತದ ಪಟ್ಟಿಯನ್ನು ಅದರ ಕೈಗೇ ಕೊಟ್ಟರೆ ಹೊರಡುವ ಹೊತ್ತನ್ನು ಅದೇ ನಿಗದಿಮಾಡುತ್ತದೆ. ದೊಡ್ಡವರ ಪಟ್ಟಿಯ ಹಿಂದೆ ಎಳೆಸಿಕೊಂಡು ಹೋಗುವ ಮಗುವಿಗೂ ಹೀಗೆ ಮುಂದೆ ನಡೆಯುವ ಮಗುವಿಗೂ ಇರುವ ವ್ಯತ್ಯಾಸವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ಗುಳಿಗಳ ಬಳಿ ಕುಕ್ಕರಗಾಲಲ್ಲಿ ಕೂತು ಸುಮ್ಮನೆ ನೋಡಬೇಕು. ಮೊದಲ ಐದು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಒಂದು ಶಂಖ ನಡೆಯತೊಡಗುತ್ತದೆ, ಒಳಗೆ ಸನ್ಯಾಸಿ ಏಡಿ. ಕೆಂಪು ಮುದ್ದೆಯಂತಿದ್ದ ಸೀ ಅನಿಮೋನಿ ನೀರಿನೊಳಗೆ ಎಳೆಗಳನ್ನು ಬಿಚ್ಚುತ್ತದೆ. ಬಂಡೆಗೆ ಕಚ್ಚಿಕೊಂಡ ಲಿಂಪೆಟ್ ಚಿಪ್ಪನ್ನು ತೋರಿಸಿ ಮೊಮ್ಮಗಳು, "ಅಜ್ಜೀ, ಇದು ಯಾವಾಗಲೂ ಇಲ್ಲೇ ಇರತ್ತಾ?" ಅಂತ ಕೇಳಿದಳು. ಇರುವುದಿಲ್ಲ. ನೀರು ಮುಚ್ಚಿದಾಗ ಅದು ಬಂಡೆಯ ಮೇಲಿನ ಪಾಚಿ ಮೇಯಲು ಹೊರಟು, ಮತ್ತೆ ತನ್ನದೇ ಜಾಗಕ್ಕೆ ಮರಳುತ್ತದೆ. ಚಿಪ್ಪಿನ ಅಂಚು ಆ ಜಾಗದ ಉಬ್ಬುತಗ್ಗಿಗೆ ಸರಿಯಾಗಿ ಸವೆದಿರುತ್ತದೆ. ಅದನ್ನು ಕೇಳಿದ ಮೇಲೆ ಅವಳು ಲಿಂಪೆಟ್ಟುಗಳನ್ನು ಕಾಲಿನಿಂದ ತಳ್ಳಿ ನೋಡುವುದನ್ನು ಬಿಟ್ಟಳು. ಅಂಗಡಿಯವರು ಮಾರುವ ಬಿದಿರುಕೋಲಿನ ಬಲೆ ಇಲ್ಲಿ ಬೇಕಿಲ್ಲ, ಅದು ಗುಳಿಯನ್ನು ಕೆರೆದು ಹಾಳುಮಾಡುತ್ತದೆ. ಎತ್ತಿ ನೋಡಿದ ಕಲ್ಲನ್ನು ಇದ್ದ ಹಾಗೆಯೇ ಮತ್ತೆ ಇಡಬೇಕು, ಅದರಡಿ ಇರುವವಕ್ಕೆ ಅದೇ ನೆರಳು. ಇಳಿತಕ್ಕೆ ಎರಡು ಗಂಟೆ ಮೊದಲು ಇಳಿದು, ನೀರು ತಿರುಗುತ್ತಿದ್ದ ಹಾಗೆ ವಾಪಸಾಗಬೇಕು. ದಂಡೆಯುದ್ದಕ್ಕೂ ಬಾಗಲ್ ಹೋಲ್ ಎಂಬ ಜಾಗದ ಕಡೆ ನಡೆದುಹೋದವರನ್ನು ಏರುವ ನೀರು ಕಡಿದಾದ ದರೆಯ ಬುಡದಲ್ಲಿ ಸಿಕ್ಕಿಸಿಬಿಡಬಹುದು. ಇದು ಹೆದರಿಸುವುದಕ್ಕೆ ಹೇಳುವ ಮಾತಲ್ಲ, ಇಲ್ಲಿನ ಆಟದ ಮೊದಲ ನಿಯಮ.

ವಿಟ್ಬಿ ಬಂದರಿನ ಕಟ್ಟೆಯ ಮೇಲೆ ನಡೆಯುವ ಏಡಿ ಹಿಡಿಯುವ ಆಟದ ಬಗ್ಗೆ ನನಗೆ ಮೆಚ್ಚುಗೆಯೂ ಇದೆ, ಕೋಪವೂ ಇದೆ. ದಾರದ ತುದಿಗೆ ಹಂದಿಮಾಂಸದ ಚೂರು ಕಟ್ಟಿ ಇಳಿಬಿಡುವುದು, ಏಡಿ ಕಚ್ಚಿದಾಗ ಮೆಲ್ಲಗೆ ಎಳೆಯುವುದು. ಖರ್ಚಿಲ್ಲ, ತಾಳ್ಮೆ ಕಲಿಸುತ್ತದೆ, ನಾಲ್ಕು ವರ್ಷದವರಿಂದ ಎಂಬತ್ತರವರವರೆಗೆ ಎಲ್ಲರಿಗೂ ಸಲ್ಲುತ್ತದೆ. ಆಟ ಕೆಡುವುದು ಎಣಿಕೆ ಶುರುವಾದಾಗ. ಯಾರ ಬಕೆಟ್ಟಿನಲ್ಲಿ ಹೆಚ್ಚು ಏಡಿ ಎಂಬ ಪೈಪೋಟಿಯಲ್ಲಿ ಹತ್ತಿಪ್ಪತ್ತು ಏಡಿಗಳನ್ನು ಒಂದೇ ಬಕೆಟ್ಟಿಗೆ ತುಂಬಿ ಬಿಸಿಲಿಗೆ ಇಡುತ್ತಾರೆ. ಏಡಿ ಉಸಿರಾಡುವುದು ಕಿವಿರಿನಿಂದ. ಆ ಬಿಸಿಯಾದ ನೀರಿನಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ, ಇಕ್ಕಟ್ಟಿನಲ್ಲಿ ಅವು ಕಚ್ಚಾಡಿ ಕಾಲು ಕಳೆದುಕೊಳ್ಳುತ್ತವೆ. ಮಗುವಿಗೆ ಅದು ಆಟ, ಏಡಿಗೆ ಉಸಿರಿನ ಪ್ರಶ್ನೆ. ತಿಳಿಹೇಳಬೇಕಾದ ದೊಡ್ಡವರು ಫೋನು ನೋಡುತ್ತ ಕೂತಿರುವುದು ನನಗೆ ಸಹಿಸಲಾಗದ ಸಂಗತಿ. ಆಟವನ್ನು ನಿಲ್ಲಿಸಬೇಕಾಗಿಲ್ಲ, ತಿದ್ದಿದರೆ ಸಾಕು: ಗಾಳ ಬೇಡ, ಮಾಂಸವನ್ನು ಸಣ್ಣ ಬಲೆಚೀಲದಲ್ಲಿ ಕಟ್ಟಬೇಕು, ಬಕೆಟ್ಟಿಗೆ ಕಡಲಿನದೇ ನೀರು, ಆಗಾಗ ಬದಲಿಸುತ್ತ, ಒಮ್ಮೆಗೆ ಎರಡು ಮೂರು ಏಡಿ, ಸ್ವಲ್ಪ ಹೊತ್ತು ನೋಡಿ, ಕಟ್ಟೆಯ ಮೇಲಿಂದ ಎಸೆಯದೆ ನೀರಿನ ಅಂಚಿಗೆ ಇಳಿದು ಬಿಡಬೇಕು.

ವಿಟ್ಬಿಯ ದಂಡೆಯಲ್ಲೇ ಪಳೆಯುಳಿಕೆ ಹುಡುಕುವುದೂ ಉಂಟು. ಕನ್ನಡದ ಮನೆಗಳ ಮಕ್ಕಳಿಗೆ ಅದರಲ್ಲಿ ಒಂದು ವಿಶೇಷ ಸಂಬಂಧವಿದೆ, ಅದನ್ನು ಯಾರೂ ಹೇಳಿಕೊಡುತ್ತಿಲ್ಲ ಎಂಬುದು ನನ್ನ ತಕರಾರು. ಇಲ್ಲಿ ಕಲ್ಲಿನೊಳಗೆ ಸುರುಳಿಯಾಗಿ ಸಿಗುವ ಅಮೋನೈಟ್ ಸುಮಾರು 18 ಕೋಟಿ ವರ್ಷ ಹಿಂದಿನ ಕಡಲಜೀವಿ. ಗಂಡಕಿ ನದಿಯಿಂದ ಬಂದು ನಮ್ಮ ದೇವರ ಕೋಣೆಯಲ್ಲಿ ಕೂತಿರುವ ಸಾಲಿಗ್ರಾಮದ ಚಕ್ರವೂ ಅಮೋನೈಟಿನದೇ ಗುರುತು. ಏಳನೆಯ ಶತಮಾನದಲ್ಲಿ ವಿಟ್ಬಿಯ ಮಠವನ್ನು ಕಟ್ಟಿದ ಸಂತ ಹಿಲ್ಡಾ ಹಾವುಗಳನ್ನು ಕಲ್ಲಾಗಿಸಿದಳು ಎಂದು ಇಲ್ಲಿನ ಕಥೆ. ಆ ಕಥೆಗೆ ಒಪ್ಪುವಂತೆ ಹಿಂದಿನ ವ್ಯಾಪಾರಿಗಳು ಅಮೋನೈಟಿಗೆ ಹಾವಿನ ತಲೆ ಕೆತ್ತಿ ಮಾರುತ್ತಿದ್ದರು. ಒಂದೇ ಬಗೆಯ ಕಲ್ಲನ್ನು ವಿಟ್ಬಿಯಲ್ಲಿ ಹಾವೆಂದರು, ನಮ್ಮಲ್ಲಿ ವಿಷ್ಣುವೆಂದು ಪೂಜಿಸಿದರು. ಮನೆಯಲ್ಲಿ ಸಾಲಿಗ್ರಾಮ ಕಂಡ ಮಗುವಿಗೆ ದಂಡೆಯಲ್ಲಿ ಅಮೋನೈಟ್ ಸಿಕ್ಕರೆ ಅದರ ಸಂತೋಷವೇ ಬೇರೆ. ಜೆಟ್ ಎಂಬ ಹೊಳಪಿನ ಕರಿಕಲ್ಲೂ ಇಲ್ಲಿ ಸಿಗುತ್ತದೆ, ಕೋಟಿಗಟ್ಟಲೆ ವರ್ಷ ಹಿಂದಿನ ಮರ ಅದು. ಹೊಳಪು ಕೊಡದ ಪಿಂಗಾಣಿಯ ಮೇಲೆ ಎಳೆದರೆ ಕಂದು ಗೆರೆ ಮೂಡುತ್ತದೆ, ಕಲ್ಲಿದ್ದಲಾದರೆ ಕಪ್ಪು. ಈ ಪರೀಕ್ಷೆಯನ್ನು ಮಕ್ಕಳು ಬಿಡದೆ ಮಾಡುತ್ತಾರೆ. ಆದರೆ ದರೆಯನ್ನು ಸುತ್ತಿಗೆಯಿಂದ ಹೊಡೆಯುವುದು ತಪ್ಪು, ಅದರ ಬುಡದಲ್ಲಿ ಕೂರುವುದು ಇನ್ನೂ ತಪ್ಪು. ಅದು ಕುಸಿಯುವ ದರೆ. ಬಿದ್ದ ಕಲ್ಲುಗಳಲ್ಲಿ ಹುಡುಕಿದರೆ ಬೇಕಾದಷ್ಟು ಸಿಗುತ್ತದೆ.

1965ರಲ್ಲಿ ಮುಚ್ಚಿದ ಸ್ಕಾರ್ಬರೋ–ವಿಟ್ಬಿ ರೈಲುಹಾದಿ ಈಗ ಸೈಕಲ್ಲಿನ ಹಾದಿ. ಹತ್ತು ದಾಟಿದ ಮಕ್ಕಳಿಗೆ ಚೆನ್ನ, ಪುಟ್ಟವರಿಗೆ ಉದ್ದವಾಯಿತು. ತುಂಡು ತುಂಡಾಗಿ ಮಾಡಬಹುದು. ಈಜು ಮಾತ್ರ ನಾನು ಶಿಫಾರಸು ಮಾಡುವುದಿಲ್ಲ, ಆಗಸ್ಟಿನಲ್ಲೂ ನೀರು 15 ಡಿಗ್ರಿಯ ಆಸುಪಾಸು.

ಇದೇ ಕರಾವಳಿಯ ಬೆಂಪ್ಟನ್ನಿನ ಸುಮಾರು 100 ಮೀಟರ್ ಎತ್ತರದ ಸುಣ್ಣಕಲ್ಲಿನ ದರೆಯಲ್ಲಿ ಬೇಸಿಗೆಯಲ್ಲಿ ಲಕ್ಷಗಟ್ಟಲೆ ಕಡಲಹಕ್ಕಿಗಳು ಗೂಡುಕಟ್ಟುತ್ತವೆ. ಜಾಹೀರಾತಿನಲ್ಲೆಲ್ಲ ಕೆಂಪು ಕೊಕ್ಕಿನ ಪಫಿನ್. ಇಂಗ್ಲಿಷ್ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಜುಲೈ ಕೊನೆಗೆ, ಪಫಿನ್‌ಗಳು ಕಡಲಿಗೆ ಮರಳುವುದೂ ಆಗಲೇ. ಆಗಸ್ಟಿನಲ್ಲಿ ಅದಕ್ಕೆಂದೇ ಬಂದ ಮಕ್ಕಳು ಮುಖ ಬಾಡಿಸಿಕೊಂಡು ಹೋಗುತ್ತಾರೆ. ಆಗಲೂ ಅಲ್ಲೇ ಇರುವ, ರೆಕ್ಕೆ ಬಿಚ್ಚಿದರೆ ಎರಡು ಮೀಟರಿನಷ್ಟು ಅಗಲವಾಗುವ ಗ್ಯಾನೆಟ್ಟುಗಳನ್ನು ಅವರಿಗೆ ಮುಂಚೆಯೇ ಪರಿಚಯಿಸಿದ್ದರೆ ಆ ನಿರಾಸೆ ಇರುತ್ತಿರಲಿಲ್ಲ. ಪಫಿನ್ ನೋಡಲೇಬೇಕೆನ್ನುವವರು ಮೇ ಕೊನೆಯ ಒಂದು ವಾರದ ರಜೆಯನ್ನು ಇದಕ್ಕೆ ಇಟ್ಟುಕೊಳ್ಳಲಿ. ಬೆಂಗಳೂರು, ಮೈಸೂರುಗಳಿಂದ ಏಪ್ರಿಲ್–ಮೇ ರಜೆಯಲ್ಲಿ ಬರುವ ಮಕ್ಕಳಿಗೆ ಆ ಹೊತ್ತು ತಾನಾಗಿಯೇ ಒದಗಿಬರುತ್ತದೆ. ದರೆಯ ಮೇಲಿನ ಗಾಳಿಗೆ ಅವರಿಗೊಂದು ದಪ್ಪ ಜಾಕೆಟ್ ಮಾತ್ರ ಬೇಕು.