ಲೇಶ್ಯಾವೃಕ್ಷದ ಚಿತ್ರಗಳು ಮತ್ತು ವರ್ಣವಿಚಾರ

ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲಿ ಅರಣ್ಯದೃಶ್ಯವೊಂದುಂಟು. ಅದರಲ್ಲಿಯ ಮರವೂ ಆರು ಮಂದಿಯೂ ಷಡ್ಲೇಶ್ಯೆಗಳನ್ನು ಸೂಚಿಸುವರೆಂದು ಆರ್. ನರಸಿಂಹಾಚಾರ್ಯರು 1923ರ ಎಪಿಗ್ರಾಫಿಯಾ ಕರ್ನಾಟಿಕಾ 2ನೆಯ ಸಂಪುಟದಲ್ಲಿಯೇ ಗುರುತಿಸಿದ್ದಾರೆ. ಈ ಪ್ರಸಂಗವನ್ನು ಚಿತ್ರಿಸುವ ಈಚಿನ ಮುದ್ರಿತ ಪಟಗಳಲ್ಲಿ ಆರು ಪಥಿಕರ ಮೈಗಳಿಗೇ ಆರು ಬಣ್ಣಗಳನ್ನು ಬಳಿಯುವ ರೂಢಿ ಕಂಡುಬರುತ್ತದೆ. ನೋಡುವವನು ದುಷ್ಟನ ಮೈ ಕಪ್ಪು, ಸಜ್ಜನನ ಮೈ ಬಿಳುಪು ಎಂದು ತಿಳಿಯುತ್ತಾನೆ. ಈ ತಿಳಿವು ಸಿದ್ಧಾಂತಸಮ್ಮತವೇ ಎಂಬುದು ವಿಚಾರಣೀಯವಾಗಿದೆ.

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಲೇಶ್ಯಾಮಾರ್ಗಣೆಯನ್ನು 16 ಅಧಿಕಾರಗಳಾಗಿ ವಿಭಾಗಿಸಿದ್ದಾರೆ. ವರ್ಣ 2ನೆಯದು, ಕರ್ಮ 5ನೆಯದು, ಲಕ್ಷಣ 6ನೆಯದು. ದುಂಬಿ, ನೀಲಮಣಿ, ಪಾರಿವಾಳ, ಹೊನ್ನು, ತಾವರೆ, ಶಂಖ ಎಂಬ ಉಪಮಾನಗಳು ವರ್ಣಾಧಿಕಾರದಲ್ಲಿ ಬರುತ್ತವೆ. ಅಲ್ಲಿ ಹೇಳಿರುವುದು ವರ್ಣನಾಮಕರ್ಮದ ಉದಯದಿಂದ ಉಂಟಾದ ಶರೀರವರ್ಣವನ್ನು, ಎಂದರೆ ದ್ರವ್ಯಲೇಶ್ಯೆಯನ್ನು. ಪಥಿಕರ ದೃಷ್ಟಾಂತವಾದರೋ ಕರ್ಮಾಧಿಕಾರದ್ದು. ಒಬ್ಬನು ಮರವನ್ನು ಬುಡಸಹಿತ ಕಡಿಯಬೇಕೆನ್ನುತ್ತಾನೆ. ಕಡೆಯವನು ಉದುರಿದ ಹಣ್ಣುಗಳೇ ಸಾಕೆನ್ನುತ್ತಾನೆ. ಅಲ್ಲಿ ಮೈಬಣ್ಣದ ಮಾತೇ ಇಲ್ಲ. ಪಟವು ಈ ಎರಡು ಅಧಿಕಾರಗಳನ್ನು ಬೆರಸಿದೆ.

ನಾರಕಿಗಳ ಶರೀರ ಕೃಷ್ಣವರ್ಣದ್ದು. ಕಲ್ಪವಾಸಿ ದೇವತೆಗಳಲ್ಲಿ ಮೈಬಣ್ಣವು ಭಾವವನ್ನು ಅನುಸರಿಸುತ್ತದೆ. ಕರ್ಮಭೂಮಿಯ ಮನುಷ್ಯರಲ್ಲಿ ಇಂಥ ನಿಯಮವಿಲ್ಲ. ಇದಕ್ಕೆ ಸಾಕ್ಷ್ಯವನ್ನು ದೂರ ಅರಸಬೇಕಾಗಿಲ್ಲ. ಅದೇ ಮಠದ ಚಿತ್ರಗಳಲ್ಲಿ ನೇಮಿನಾಥ ತೀರ್ಥಂಕರರೂ ಇದ್ದಾರೆಂದು ನರಸಿಂಹಾಚಾರ್ಯರು ದಾಖಲಿಸಿದ್ದಾರೆ. ನೇಮಿನಾಥರ ದೇಹವರ್ಣ ಶ್ಯಾಮ; ಲೇಶ್ಯೆ ಶುಕ್ಲ.

ಹಾಗಾದರೆ ಅಮೂರ್ತವಾದ ಜೀವದ ಪರಿಣಾಮಕ್ಕೆ ಬಣ್ಣದ ಹೆಸರೇಕೆ? ವರ್ಣವು ಪುದ್ಗಲದ ಗುಣವಷ್ಟೆ. ಕಷಾಯದಿಂದ ರಂಜಿತವಾದ ಯೋಗಪ್ರವೃತ್ತಿಯೇ ಭಾವಲೇಶ್ಯೆ. ತರತಮವನ್ನು ತಿಳಿಸಲು ವರ್ಣನಾಮವು ಸಂಕೇತವಾಗಿ ಬಂದಿದೆ. ಶ್ವೇತಾಂಬರ ಆಗಮವಾದ ಉತ್ತರಾಧ್ಯಯನದ 34ನೆಯ ಅಧ್ಯಯನವು ಲೇಶ್ಯೆಗಳಿಗೆ ವರ್ಣದೊಡನೆ ರಸ, ಗಂಧ, ಸ್ಪರ್ಶಗಳನ್ನೂ ಹೇಳುತ್ತದೆ. ಸಂಕೇತವು ಶಾಸ್ತ್ರದಿಂದ ಶಾಸ್ತ್ರಕ್ಕೆ ಬೇರೆಯಾಗುವುದನ್ನೂ ಗಮನಿಸಬೇಕು. ಭರತನ ನಾಟ್ಯಶಾಸ್ತ್ರದಲ್ಲಿ ಬಿಳುಪು ಹಾಸ್ಯರಸದ ಬಣ್ಣ. ನಮ್ಮಲ್ಲಿ ಹಾಸ್ಯವು ನೋಕಷಾಯಗಳಲ್ಲಿ ಒಂದು, ಬಿಳುಪು ವಿಶುದ್ಧಿಯ ಹೆಸರು. ಆದರೂ ಕಪೋತವರ್ಣದಲ್ಲಿ ಒಂದು ಸಾಮ್ಯವುಂಟು: ಅಲ್ಲಿ ಅದು ಕರುಣರಸಕ್ಕೆ ಸಲ್ಲುತ್ತದೆ, ಇಲ್ಲಿ ಕಾಪೋತಲೇಶ್ಯೆಯವನು ಶೋಕಭಯಬಹುಲನು. ಒಂದೆಡೆಯ ಸಾಮ್ಯದಿಂದ ಬಣ್ಣಕ್ಕೂ ಭಾವಕ್ಕೂ ಸ್ವಭಾವಸಿದ್ಧವಾದ ಸಂಬಂಧವನ್ನು ಕಲ್ಪಿಸಲಾಗದು.

ಈ ವಿವೇಕಕ್ಕೆ ಕನ್ನಡದಲ್ಲಿಯೇ ಆಧಾರಗ್ರಂಥವಿದೆ. ಕೇಶವವರ್ಣಿಯು 1359ರಲ್ಲಿ ಪೂರೈಸಿದ ಕನ್ನಡ ವೃತ್ತಿಯೇ ಸಂಸ್ಕೃತ ಜೀವತತ್ತ್ವಪ್ರದೀಪಿಕೆಗೆ ಮೂಲವೆಂದು ಡಾ. ಆ. ನೇ. ಉಪಾಧ್ಯೆಯವರು ತೋರಿಸಿಕೊಟ್ಟರು; ಭಾರತೀಯ ಜ್ಞಾನಪೀಠವು ಜೀವಕಾಂಡದ ಆ ವೃತ್ತಿಯನ್ನು 1978ರಿಂದ ಪ್ರಕಟಿಸಿತು. ಪಟ ಬರೆಯಿಸುವವರು ಮೊದಲು ಅದನ್ನು ನೋಡುವುದು ಲೇಸು.

ಲೇಶ್ಯಾವೃಕ್ಷವನ್ನು ಚಿತ್ರಿಸಬಾರದೆಂದು ನಮ್ಮ ಅಭಿಪ್ರಾಯವಲ್ಲ. ಆರು ಮಂದಿಗೂ ಒಂದೇ ಮೈಬಣ್ಣವಿರಲಿ. ಭೇದವು ಅವರ ಕೈಗಳಲ್ಲಿ ಕಾಣಲಿ. ಬುಡಕ್ಕೆ ಎತ್ತಿದ ಕೊಡಲಿ, ನೆಲದ ಹಣ್ಣಿಗೆ ಚಾಚಿದ ಕೈ, ಇಷ್ಟೇ ಸಾಕು. ಇಲ್ಲವಾದರೆ ಕಪ್ಪು ಮೈಯ ಬಾಲಕನೊಬ್ಬನು ಆ ಪಟದ ಮುಂದೆ ನಿಂತು, ಹುಟ್ಟಿನಿಂದಲೇ ತಾನು ಕೊಡಲಿ ಹಿಡಿದವನ ಪಕ್ಷವೆಂದು ತಿಳಿದಾನು. ಶುಕ್ಲವೂ ಕಡೆಯ ನಿಲುಗಡೆಯಲ್ಲ. ಅಯೋಗಕೇವಲಿಗಳೂ ಸಿದ್ಧರೂ ಅಲೇಶ್ಯರು.