ತಿಳಿನೀಲಿ ಕನ್ಸೋಲ್ ಕೇಬಲ್

ನೆಟ್‌ವರ್ಕ್ ಸ್ವಿಚ್ಚಿನ ಪೋರ್ಟುಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಬಹುಕಾಲ ಖಾಲಿಯೇ ಇರುವ ಕನ್ಸೋಲ್ ಪೋರ್ಟ್. ಮ್ಯಾನೇಜ್‌ಮೆಂಟ್ ಐಪಿ ವಿಳಾಸ ತಪ್ಪಿರಲಿ, ವಿಎಲ್ಯಾನ್ ಬೇರೆಯಾಗಿರಲಿ, ಎಸ್‌ಎಸ್‌ಎಚ್ ಓಗೊಡದೇ ಇರಲಿ, ಇಲ್ಲಿ ಉತ್ತರ ಸಿಗುತ್ತದೆ. ಈ ದಾರಿಗೆ ಐಪಿ ವಿಳಾಸವೇ ಬೇಕಿಲ್ಲ. 1960ರಲ್ಲಿ ಮೊದಲು ಪ್ರಕಟವಾದ ಆರ್‌ಎಸ್-232 ಪದ್ಧತಿಯಂತೆ ಅಕ್ಷರಗಳು ಒಂದೊಂದೇ ಬಿಟ್ ಆಗಿ ತಂತಿಯಲ್ಲಿ ಹರಿಯುತ್ತವೆ. ಸಿಸ್ಕೋ ಸಾಧನಗಳ ಜೊತೆ ಬರುತ್ತಿದ್ದ ಚಪ್ಪಟೆ ತಿಳಿನೀಲಿ ಕೇಬಲ್ ಸಿಕ್ಕಿಸಿ, 9600 ಬಾಡ್, 8 ಡೇಟಾ ಬಿಟ್, 1 ಸ್ಟಾಪ್ ಬಿಟ್ ಎಂದು ಹೊಂದಿಸಬೇಕು. ವೇಗ ಹೊಂದದಿದ್ದರೆ ಪರದೆ ತುಂಬ ಅರ್ಥವಿಲ್ಲದ ಅಕ್ಷರ. ಹೊಂದಿದರೆ, ಎಂಟರ್ ಒತ್ತಿದ ಕೂಡಲೇ ಸಾಧನದ ಹೆಸರು!

ಆಮೇಲಿನದು ಕುಶಲ ಕೆಲಸ. ಲಿಂಕ್ ದೀಪ ಹತ್ತದಿದ್ದರೆ ಪಳಗಿದ ಎಂಜಿನಿಯರ್ ಸೆಟ್ಟಿಂಗಿಗೆ ಕೈ ಹಾಕುವ ಮೊದಲು ಕೇಬಲ್ ಬದಲಿಸುತ್ತಾರೆ, ಫೈಬರಿನ ಎರಡು ಎಳೆಗಳನ್ನು ಅದಲುಬದಲು ಮಾಡಿ ನೋಡುತ್ತಾರೆ. ದೀಪ ಹತ್ತಿಯೂ ವೇಗ ಕುಂಟಿದರೆ ಎರಡೂ ತುದಿಗಳ ಡ್ಯೂಪ್ಲೆಕ್ಸ್ ಸೆಟ್ಟಿಂಗ್ ಹೋಲಿಸುತ್ತಾರೆ, ಸಿಆರ್‌ಸಿ ದೋಷಗಳ ಲೆಕ್ಕ ಏರುತ್ತಿದೆಯೇ ಎಂದು ಕಾಯುತ್ತಾರೆ. ನಾಡಿ ಹಿಡಿದ ವೈದ್ಯರ ತಾಳ್ಮೆ ಅದು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಕನ್ಸೋಲ್ ಕೇಬಲ್ಲಿಗೆ ಬೇಕಾದ ಸೀರಿಯಲ್ ಪೋರ್ಟ್ ಅಪರೂಪ. ಹಾಗಾಗಿ ಅವರ ಚೀಲದಲ್ಲಿ ಯುಎಸ್‌ಬಿ ಅಡಾಪ್ಟರ್ ಒಂದು ಇದ್ದೇ ಇರುತ್ತದೆ.